ಓಬಳಮ್ಮನ ಮಾತು ಕೀನ್ಯಾ ಮುಟ್ಟಿದ್ದು

ನೈರೋಬಿ, ವಿಮಾನ ನಿಲ್ದಾಣ

ಕೀನ್ಯಾದ ನೆಲದಲ್ಲಿ ನಮ್ಮನ್ನು ಮೊದಲು ತಡೆದು ನಿಲ್ಲಿಸಿದ್ದು ಎರಡು ಸೇರು ರಾಗಿ ಹಿಟ್ಟು. ಓಬಳಮ್ಮ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಬ್ಯಾಗಿನ ತಳದಲ್ಲಿ ಇಟ್ಟಿದ್ದರು. ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ, ಒಂದು ಹಿಡಿ ಬಿತ್ತನೆ ರಾಗಿ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತಪಾಸಣೆಯ ಮೇಜಿನ ಹಿಂದೆ ನಿಂತಿದ್ದ ಹೆಂಗಸು ಗಂಟು ಬಿಚ್ಚಿದಾಗ, ಇಲ್ಲಿಂದಲೇ ವಾಪಸ್ ಕಳಿಸುತ್ತಾರೆ ಎಂದುಕೊಂಡೆ.

ಆಕೆ ಒಂದು ಚಿಟಿಕೆ ಹಿಟ್ಟು ತೆಗೆದು ಮೂಸಿದಳು. ಬಿಗಿದ ಮುಖ ಸಡಿಲಾಯಿತು. “ವಿಂಬಿ!” ಎಂದಳು. ಅವರ ಭಾಷೆಯಲ್ಲಿ ರಾಗಿಗೆ ಹಾಗೆ ಹೇಳುತ್ತಾರಂತೆ. ಅವಳ ಅಜ್ಜಿ ಬೆಳಿಗ್ಗೆ ಇದರ ಗಂಜಿ ಕಾಯಿಸದೆ ಯಾರನ್ನೂ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲವಂತೆ. ನಾನು ನಮ್ಮ ಅಂಬಲಿಯ ವಿಷಯ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗುವವರೆಗೂ ಇಬ್ಬರೂ ಅಂಬಲಿಯ ಬಗ್ಗೆಯೇ ಮಾತಾಡಿದೆವು. ಕೊನೆಗೆ ಅವಳು ಹಿಟ್ಟು ವಾಪಸ್ ಕೊಟ್ಟು, ಬಿತ್ತನೆ ಕಾಳನ್ನು ಮಾತ್ರ ಪಕ್ಕಕ್ಕೆ ಇಟ್ಟುಕೊಂಡಳು. ಬೀಜ ಒಳಗೆ ಬಿಡುವಂತಿಲ್ಲ, ಕಾನೂನು.

ಓಬಳಮ್ಮನಿಗೆ ಹೇಳಿದೆ. ಅವರು ಕಾಳಿನ ಕಡೆ ಒಮ್ಮೆ ನೋಡಿದರು. “ಹಿಟ್ಟಾದ್ರೆ ಬುಡ್ತಾರೆ, ಬೀಜ ಆದ್ರೆ ಬುಡಲ್ವಾ? ಸರಿ ಬುಡಿ ಟೀಚರಮ್ಮ. ಮೊಳಕೆ ಒಡೆಯೋದನ್ನ ಕಂಡ್ರೆ ಎಲ್ಲಾ ಕಡೇನೂ ಭಯಾನೇ.”

ನಾನು ಶಮೀಮ್. ಹುಟ್ಟಿದ್ದು ಶಿರಾದಲ್ಲಿ. ಮಧುಗಿರಿ ತಾಲ್ಲೂಕಿನಲ್ಲಿ, ಕೊರಟಗೆರೆಗೆ ಅಂಟಿಕೊಂಡಿರುವ ಕಲ್ಲುಪಾಳ್ಯದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಓಬಳಮ್ಮ ಆ ಊರಿನ ನೀರುಗಂಟಿ. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದವರು. ಮಾವ ಮಾಡುತ್ತಿದ್ದ ಕೆಲಸ ಗಂಡನಿಗೆ ಬಂತು, ಗಂಡ ತೀರಿಕೊಂಡ ಮೇಲೆ ಇವರಿಗೆ. ಯಾವ ಹೊಲಕ್ಕೆ ಯಾವಾಗ ಎಷ್ಟು ನೀರು ಹರಿಯಬೇಕು ಎಂದು ನೋಡಿ ಕಾಲುವೆಯ ಮಡೆ, ಅಂದರೆ ನೀರು ಬಿಡುವ ಬಾಯಿ, ತಿರುಗಿಸುವವರೇ ನೀರುಗಂಟಿ. ಅವರು ತಿರುಗಿಸುವುದು ಕೆರೆಯ ನೀರನ್ನಲ್ಲ, ತಲಪರಿಗೆಯ ನೀರನ್ನು. ಹಳ್ಳದ ಮಗ್ಗುಲಲ್ಲಿ ಮರಳು, ಹೂಳು ಸರಿಸಿದರೆ ತಾನಾಗಿ ಜಿನುಗಿ ಬರುವ ಒರತೆಗೆ ನಮ್ಮ ಸೀಮೆಯಲ್ಲಿ ತಲಪರಿಗೆ ಎನ್ನುತ್ತೇವೆ. ಮೋಟಾರು ಬೇಡ, ಕರೆಂಟು ಬೇಡ. ಒಂದೇ ಷರತ್ತು, ವರ್ಷವರ್ಷವೂ ಅದರ ಹೂಳು ತೆಗೆಯಬೇಕು.

ಸತ್ತೇಹೋಯಿತು ಎಂದು ಊರು ಕೈಬಿಟ್ಟಿದ್ದ ಆ ತಲಪರಿಗೆಗೆ ಓಬಳಮ್ಮ ಮತ್ತು ಅವರ ಕೇರಿಯ ಹೆಂಗಸರು ಮತ್ತೆ ನೀರು ಬರಿಸಿದ್ದರು. ಆ ಸುದ್ದಿ ಹೇಗೋ ದಾಟಿಕೊಂಡು ಹೋಗಿ, ಬರದ ಸೀಮೆಗಳ ಹೆಂಗಸರೆಲ್ಲ ಸೇರುವ ಒಂದು ಸಭೆಯಿಂದ ಅವರಿಗೆ ಕರೆ ಬಂತು. ಅವರ ಮಾತನ್ನು ಇಂಗ್ಲಿಷಿಗೆ ತರಲು ನಾನು. ಇಬ್ಬರಿಗೂ ಅದೇ ಮೊದಲ ವಿಮಾನ.

ನೈರೋಬಿ, ಊಟದ ಹಾಲ್

ಊರು ಬಿಡುವಾಗ ನನಗಿದ್ದ ದೊಡ್ಡ ಹೆದರಿಕೆ ಭಾಷೆಯದು. ಆದರೆ ಇಳಿದ ದಿನವೇ ಕಿವಿಗೆ ಪರಿಚಯದ ಮಾತುಗಳು ಬೀಳತೊಡಗಿದವು. ಅಂಗಡಿಗೆ ‘ದುಕಾ’ ಎನ್ನುತ್ತಾರೆ, ಲೋಕಕ್ಕೆ ‘ದುನಿಯಾ’, ಪುಸ್ತಕಕ್ಕೆ ‘ಕಿತಾಬು’. ಶಿರಾದ ನಮ್ಮ ಮನೆಯಲ್ಲಿ ಅಮ್ಮಿ ಆಡುವ ಉರ್ದುವೇ ಸಮುದ್ರ ದಾಟಿ ಬಂದು ಬೇರೆ ಸೀರೆ ಉಟ್ಟುಕೊಂಡ ಹಾಗಿತ್ತು. ಕಾರಣಕ್ಕೆ ‘ಸಬಾಬು’ ಎಂದದ್ದನ್ನು ಕೇಳಿ ಓಬಳಮ್ಮ ನಕ್ಕರು. “ಇಲ್ಲೂ ಸಬೂಬು ಯೋಳೋ ಜನ ಅವ್ರೆ ಅನ್ನಿ.”

ಮಧ್ಯಾಹ್ನದ ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಬಿಳೀ ಮುದ್ದೆ, ಸೊಪ್ಪಿನ ಪಲ್ಯ. ಆ ಮುದ್ದೆಗೆ ಉಗಾಲಿ ಎಂದು ಹೆಸರು. ಓಬಳಮ್ಮ ಮುರಿದರು, ಸೊಪ್ಪಿಗೆ ಅದ್ದಿದರು, ಗುಳುಂ ಎಂದು ನುಂಗಿದರು. ಎದುರಿಗೆ ಕೂತಿದ್ದ ಮೂವರು ಹೆಂಗಸರು ತಮ್ಮ ಊಟ ನಿಲ್ಲಿಸಿಬಿಟ್ಟರು. ಇನ್ನೊಂದು ತುತ್ತು, ಅದೂ ಅಗಿಯದೆ ಒಳಗೆ. ಗಂಟಲಿಗೆ ಸಿಕ್ಕಿಕೊಂಡಿತೆಂದು ಹೆದರಿ ಒಬ್ಬಳು ನೀರಿನ ಲೋಟ ಹಿಡಿದುಕೊಂಡು ಎದ್ದುಬಂದಳು. ನಾನು ವಿವರಿಸಿದೆ: ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಅಗಿದರೆ ನಗುತ್ತಾರೆ. ಅವಳು ನಂಬಲಿಲ್ಲ. ತಾನೂ ಒಂದು ತುತ್ತು ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ಹೆಸರು ಮುಂಬುವಾ. ಮಳೆ ಬರುವಾಗ ಹುಟ್ಟಿದವಳು ಎಂದು ಆ ಹೆಸರಿನ ಅರ್ಥ. ಕಿಟುಯಿ ಎಂಬ ಒಣಸೀಮೆಯವಳು, ಅಲ್ಲಿನ ಒಂದು ಹೆಂಗಸರ ಸಂಘದ ಮುಖ್ಯಸ್ಥೆ, ಒಳ್ಳೆಯ ಇಂಗ್ಲಿಷ್ ಬಲ್ಲವಳು. ಆ ಊಟದಿಂದ ನಮಗೆ ಗೆಳತಿಯಾದಳು.

ನೈರೋಬಿ, ಸಭೆ

ಮೊದಲ ದಿನದ ಸಭೆಯಲ್ಲಿ ಪರದೆಯ ಮೇಲೆ ಗೆರೆಗಳು ಏರಿದವು, ಇಳಿದವು. ಭೂಮಿ ಬಿಸಿಯಾಗುತ್ತಿದೆ, ಮಳೆ ದಿಕ್ಕು ತಪ್ಪಿದೆ ಎಂದು ಕಲಿತವರು ಹೇಳಿದರು. ಎಲ್ಲವೂ ನಿಜವೇ. ಓಬಳಮ್ಮನ ಸರದಿ ಬಂದಾಗ ಅವರು ಸೆರಗು ಸರಿ ಮಾಡಿಕೊಂಡು ಎದ್ದು, ಮೈಕನ್ನು ಬಾಯಿಂದ ಒಂದು ಮಾರು ದೂರ ಹಿಡಿದು, ಹೊಲದ ಬದುವಿನ ಮೇಲೆ ನಿಂತು ಕೂಗುವ ಹಾಗೆ ಶುರು ಮಾಡಿದರು.

“ಮುಂಚೆ ಮಳೆ ಮಾತು ಕೊಟ್ಟಂಗೆ ಬರೋದು. ಈಗ ಬರೋದೇ ಇಲ್ಲ, ಬಂದ್ರೆ ಎರಡು ದಿನದಾಗೆ ಒಂದು ವರ್ಷದ್ದು ಸುರಿದ್ಬುಟ್ಟು ಹೋಯ್ತದೆ. ಮಣ್ಣೆಲ್ಲಾ ಬಂದು ತಲಪರಿಗೆ ಮುಚ್ಕಂತು. ದೊಡ್ಡೋರು ಬೋರ್ ಕೊರ್ಸಿದ್ರು. ಇನ್ನೂ ಆಳ, ಇನ್ನೂ ಆಳ. ನಮ್ಮ ಕೇರಿಯೋರು ಬಿಂದಿಗೆ ಹಿಡ್ಕಂಡು ನಡೆದ್ವಿ. ಮಳೆ ಎಲ್ರಿಗೂ ಒಂದೇ ಸಲ ಕೈ ಕೊಡ್ತು. ಆದ್ರೆ ಎಲ್ರಿಗೂ ಒಂದೇ ಸಮ ಕೊಡ್ಲಿಲ್ಲ.”

ಇಷ್ಟನ್ನೂ ಇಂಗ್ಲಿಷಿಗೆ ತಂದೆ. ಸಭೆ ತಲೆದೂಗಿತು. ನನಗೂ ಹೆಮ್ಮೆ ಉಕ್ಕಿತು. ಆಮೇಲೆ ಅವರು ಅದೇ ಗಟ್ಟಿ ದನಿಯಲ್ಲಿ ಹೇಳಿದರು:

“ನಾನು ಊರಿಗೆಲ್ಲಾ ನೀರು ಬುಡೋಳು. ಆದ್ರೆ ಮೇಲಿನ ಬೀದಿ ಬಿಂದಿಗೆ ನಾನು ಮುಟ್ಟಂಗಿರ್ಲಿಲ್ಲ. ಅವರ ಹೊಲಕ್ಕೆ ನೀರು ಹಾಯಿಸಿ, ಬಾಯಾರಿದ್ರೆ ಬೊಗಸೆ ಒಡ್ಡಿ, ಅವರು ಮೇಲಿಂದ ಸುರಿದಷ್ಟು ಕುಡೀಬೇಕಿತ್ತು.”

ಎದುರಿಗೆ ಹತ್ತಾರು ದೇಶದವರು ಕೂತಿದ್ದರು. ಮನೆಯ ಮಾತು ಮನೆಯಲ್ಲಿರಲಿ, ಹೊರಗೆ ಬಂದಾಗ ಊರಿನ ಮರ್ಯಾದೆ ಕಾಯಬೇಕು ಎಂದು ನಮ್ಮನ್ನು ಬೆಳೆಸಿದ್ದಾರೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ಇಡೀ ಊರಿಗೆ ನೀರು ಹಂಚುವ ಕೆಲಸ ಇವರದು. ಅದು ತಲೆತಲಾಂತರದಿಂದ ಬಂದ ಗೌರವದ ಕೆಲಸ.”

ಜನ ನಗುನಗುತ್ತ ಚಪ್ಪಾಳೆ ತಟ್ಟಿದರು. ಓಬಳಮ್ಮ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಅಷ್ಟರಲ್ಲಿ ಕೊಟ್ಟಿದ್ದ ಹೊತ್ತು ಮುಗಿದಿದೆ ಎಂದು ಸಭೆ ನಡೆಸುವವರು ಗಂಟೆ ಬಾರಿಸಿದರು.

ಸಂಜೆ ನಾವು ಇಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರೇ ಕೇಳಿದರು.

“ಟೀಚರಮ್ಮ, ಆ ಬಿಂದಿಗೆ ಮಾತು ಯೋಳಿದ್ರೆ ನಮ್ಮೂರಾಗೆ ಒಂದೋ ಜನ ತಲೆ ತಗ್ಗುಸ್ತಾರೆ, ಇಲ್ಲಾ ಸಿಟ್ಟಾಗ್ತಾರೆ. ಇಲ್ಲಿ ಎಲ್ಲಾ ನಕ್ಕಂಡು ಚಪ್ಪಾಳೆ ಹೊಡುದ್ರು. ನೀವೇನ್ ಯೋಳಿದ್ರಿ?”

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. “ಆ ಮಾತು ಬಿಟ್ಟುಬಿಟ್ಟೆ, ಓಬಳಕ್ಕ. ನಾಚಿಕೆಯಾಯಿತು.”

“ನಾಚ್ಕೆ ನಿಮಗ್ಯಾಕಮ್ಮ? ನಾಚ್ಕೋಬೇಕಾದೋರು ಬೇರೆ.” ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ನೋಯಿಸಿತು. “ನಾನು ಅಳಕ್ಕೆ ಬಂದಿಲ್ಲ ಇಲ್ಲಿಗೆ. ಆ ಹಳ್ಳ ದಾಟಿ ಬಂದೆ ಅಂತ ಯೋಳಕ್ಕೆ ಬಂದಿರೋದು. ನೀವು ಹಳ್ಳಾನೇ ಮುಚ್ಚಿಬುಟ್ರೆ ನಾನು ದಾಟಿದ್ದು ಯಾರಿಗೆ ಕಾಣ್ತದೆ?”

ಲೋಟ ತೊಳೆದಿಟ್ಟು ಒಳಗೆ ಹೋದರು. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ, ಅದರ ಪರೀಕ್ಷೆಯಲ್ಲಿ ಅವತ್ತು ಫೇಲಾದೆ.

ಕಿಟುಯಿಯ ದಾರಿ

ಮಾರನೆಯ ದಿನ ಮುಂಬುವಾ ನಮ್ಮಿಬ್ಬರನ್ನೂ ತನ್ನ ಊರಿಗೆ ಜೀಪಿನಲ್ಲಿ ಕರೆದುಕೊಂಡು ಹೊರಟಳು. ನಗರ ಹಿಂದಕ್ಕೆ ಸರಿದಂತೆ ಹಸಿರು ಕಡಿಮೆಯಾಯಿತು, ಮಣ್ಣು ಕೆಂಪಾಯಿತು, ಮುಳ್ಳುಗಿಡಗಳು ಕುಳ್ಳಗಾದವು. ನಮ್ಮ ಶಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು. ನಡುನಡುವೆ ಆನೆಕಾಲಿನಂಥ ಕಾಂಡದ ದೈತ್ಯ ಮರಗಳು ಬಂದು, ಇದು ನಿನ್ನ ಊರಲ್ಲ ಎಂದು ನೆನಪಿಸುತ್ತಿದ್ದವು.

ಬೆಳಗಿನಿಂದ ಓಬಳಮ್ಮ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದರು. ಒಂದು ಕಡೆ ಜೀಪು ಮರಳಿಗೆ ಇಳಿದು ಹೂತುಕೊಂಡಿತು. ಡ್ರೈವರ್ ಎಷ್ಟು ಎಕ್ಸಲರೇಟರ್ ಒತ್ತಿದರೂ ಚಕ್ರ ಇನ್ನಷ್ಟು ಆಳಕ್ಕೆ ಹೋಯಿತು. ಓಬಳಮ್ಮ ಕೆಳಗಿಳಿದು, ಮುಳ್ಳುಗಿಡದ ರೆಂಬೆ ಮುರಿದು ತಂದು ಚಕ್ರದ ಕೆಳಗೆ ತುರುಕಿ, “ಈಗ ಮೆಲ್ಲಗೆ ಬುಡಪ್ಪಾ” ಎಂದು ಅಪ್ಪಟ ಕನ್ನಡದಲ್ಲಿ ಹೇಳಿದರು. ಅವನು ಮೆಲ್ಲಗೆ ಬಿಟ್ಟ. ಜೀಪು ಮೇಲೆ ಬಂತು. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಮರಳಿನ ನದಿ

ನದಿ ಎಂದು ಮುಂಬುವಾ ತೋರಿಸಿದ ಕಡೆ ನೀರಿರಲಿಲ್ಲ. ಬಿಸಿಲಿಗೆ ಕಣ್ಣು ಕುಕ್ಕುವ ಅಗಲವಾದ ಬಿಳೀ ಮರಳು. ಬೇಸಿಗೆಯಲ್ಲಿ ಒಣಗುವ ನಮ್ಮ ಜಯಮಂಗಲಿ ಹೊಳೆಯ ಅಕ್ಕ ಅದು. ಮರಳಿನಲ್ಲಿ ಆಳುದ್ದದ ಗುಂಡಿ ತೋಡಿ, ದನಕರು ಬೀಳದಂತೆ ಮುಳ್ಳಿನ ಬೇಲಿ ಹಾಕಿದ್ದರು. ತಳದಲ್ಲಿ ಒಂದು ಬೋಗುಣಿಯಷ್ಟು ನೀರು ಜಿನುಗುತ್ತಿತ್ತು. ಓಬಳಮ್ಮ ಗುಂಡಿಯ ಅಂಚಿಗೆ ಕೂತು ನೋಡಿದವರೇ, “ದೇವುಡಾ! ಇದು ನಮ್ಮ ತಲಪರಿಗೇನೇ ಕಣಮ್ಮ!” ಎಂದು ಕೂಗಿದರು. ಸಂತೋಷವಾದರೆ ಅವರ ಬಾಯಿಗೆ ತವರಿನ ತೆಲುಗು ಬರುತ್ತದೆ.

ಹುಮ್ಮಸ್ಸು ಬಂದು, ಹಳದಿ ಕ್ಯಾನು ಹಿಡಿದು ಕಾಯುತ್ತಿದ್ದ ಹೆಂಗಸರನ್ನೆಲ್ಲ ಹಿಂದೆ ಕಟ್ಟಿಕೊಂಡು ದಡದುದ್ದಕ್ಕೂ ನಡೆದರು. ಬಂಡೆ ಅಡ್ಡ ಬಂದ ಒಂದು ಕಡೆ ನಿಂತು, ಇಲ್ಲಿ ತೋಡಿದರೆ ಬೇಗ ನೀರು ಸಿಗುತ್ತದೆ ಎಂದರು. ತಾವೇ ಗುದ್ದಲಿ ಇಸಿದುಕೊಂಡು ತೋಡಿದರು. ಮೊಣಕಾಲುದ್ದಕ್ಕೇ ಮರಳು ಒದ್ದೆಯಾಯಿತು, ನೀರೂ ಬಂತು. ನನಗಂತೂ ಎದೆ ಉಬ್ಬಿತು. ಓಬಳಮ್ಮ ಬೊಗಸೆಯಲ್ಲಿ ಮೊಗೆದು ಬಾಯಿಗೆ ಹಾಕಿಕೊಂಡು ಅಷ್ಟೇ ಬೇಗ ಉಗಿದರು. ಕಡಲಿನಷ್ಟು ಉಪ್ಪು!

ಸೇರಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಸುಸು ಎಂದು ಕರೆಯುತ್ತಿದ್ದರು, ಅಜ್ಜಿ ಎಂದರ್ಥ. ಸುಸು ಓಬಳಮ್ಮನ ಭುಜ ತಟ್ಟಿ ಏನೋ ಹೇಳಿದಳು. ಮುಂಬುವಾ ಇಂಗ್ಲಿಷಿಗೆ ತಂದಳು: “ನೀನು ತೋರಿಸಿದ ಜಾಗ ಸರಿಯಾಗಿದೆ. ನನ್ನ ತಾಯಿಯೂ ಮೊದಲು ಅಲ್ಲೇ ತೋಡಿ ಉಗಿದಿದ್ದಳು.”

“ನೀರು ಬಲ್ಲೋಳು ನಾನೊಬ್ಬಳೇ ಅಂದ್ಕಂಡಿದ್ದೆ” ಎಂದು ಓಬಳಮ್ಮನೂ ನಕ್ಕು, ಸುಸುವಿನ ಪಕ್ಕದಲ್ಲೇ ಮರಳಿನ ಮೇಲೆ ಕೂತರು.

ಅಲ್ಲಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗುಂಡಿಯ ಬಳಿ ಮೊದಲು ನಿಂತಿದ್ದವು ಕತ್ತೆಗಳು. ಒಂದೊಂದರ ಬೆನ್ನಿಗೂ ನಾಲ್ಕು ಕ್ಯಾನು. ಕತ್ತೆ ಸಾಕುವಷ್ಟು ಅನುಕೂಲ ಇದ್ದವರು ತುಂಬಿಸಿಕೊಂಡು ಹೋದ ಮೇಲೆ, ಕ್ಯಾನನ್ನು ಹಣೆಪಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊರುವವರ ಸರದಿ. ಅವರಲ್ಲಿ ಹೆಚ್ಚಿನವರು ವಿಧವೆಯರು, ವಯಸ್ಸಾದವರು. ಮಳೆ ಸರಿಯಾಗಿದ್ದಾಗ ಈ ಸಾಲಿಗೆ ಅರ್ಥವೇ ಇರಲಿಲ್ಲವಂತೆ, ಎಲ್ಲರಿಗೂ ಆಗಿ ಮಿಗುತ್ತಿತ್ತು. ಈಗ ಕತ್ತೆಗಳ ಪಾಳಿ ಮುಗಿಯುವಷ್ಟರಲ್ಲಿ ನೀರು ತಳ ಕಾಣುತ್ತದೆ. ಮತ್ತೆ ಊರುವವರೆಗೆ ಸುಸು ಬಿಸಿಲಲ್ಲಿ ಕೂರಬೇಕು.

ಸುಸು ಕೇಳಿದಳು: “ನಿಮ್ಮಲ್ಲಿ ನೀರು ಕಡಿಮೆಯಾದಾಗ ಮೊದಲು ಯಾರು ತೆಗೆದುಕೊಳ್ಳುತ್ತಾರೆ?”

ಓಬಳಮ್ಮ ನನ್ನ ಕಡೆ ತಿರುಗಿದರು. “ಈ ಸಲ ಒಂದು ಮಾತೂ ಬುಡಬಾರ್ದು.”

“ಬಿಡಲ್ಲ, ಓಬಳಕ್ಕ.”

ಅವರು ಬಿಂದಿಗೆಯಿಂದಲೇ ಶುರು ಮಾಡಿದರು. ಬೊಗಸೆಗೆ ಮೇಲಿಂದ ಸುರಿಯುತ್ತಿದ್ದ ನೀರು, ಎತ್ತರ ಹೆಚ್ಚಾದಷ್ಟೂ ಬೆರಳ ಸಂದಿಯಲ್ಲಿ ಸೋರಿಹೋಗುತ್ತಿದ್ದ ನೀರು, ಎಲ್ಲವನ್ನೂ ಹೇಳಿದರು. ನಾನು ಒಂದಕ್ಷರವನ್ನೂ ತೇಯದೆ ಇಂಗ್ಲಿಷಿಗೆ ತಂದೆ. ಮುಂಬುವಾ ತನ್ನ ಭಾಷೆಗೆ ತಂದಳು. ಯಾರೂ ನಗಲಿಲ್ಲ. ಸುಸು ತನ್ನ ಎರಡು ಕೈಯನ್ನೂ ಬೊಗಸೆ ಮಾಡಿ ಅದರೊಳಗೇ ನೋಡುತ್ತ ಕೂತಳು.

ಆಮೇಲೆ ಓಬಳಮ್ಮ ಬರದ ವರ್ಷದ ಕಥೆಗೆ ಬಂದರು. ಮೇಲಿನ ಬೀದಿಯ ಬೋರುಗಳು ಒಂದೊಂದಾಗಿ ಗಾಳಿ ಉಗುಳಿದವು. ಕೇರಿಯ ಹದಿನಾಲ್ಕು ಹೆಂಗಸರು ಪ್ರತಿದಿನ ಬೆಳಿಗ್ಗೆ, ಕೂಲಿಗೆ ಹೋಗುವ ಮುಂಚೆ, ತಲಪರಿಗೆಯ ಹೂಳು ಹೊತ್ತರು. ಹುಚ್ಚು ಹಿಡಿದಿದೆ ಎಂದು ಊರು ನಕ್ಕಿತು. ಒಂದು ಬೆಳಿಗ್ಗೆ ಕಲ್ಲಿನ ಸಂದಿಯಿಂದ ನೀರು ಜಿನುಗಿತು. ವಾರದೊಳಗೆ ಊರಿನ ಯಜಮಾನ ಪೈಪು, ಮೋಟಾರು ಹೊರಿಸಿಕೊಂಡು ಬಂದ.

“ನಾನು ಮಡೆ ಮೇಲೆ ನಿಂತ್ಕಂಡೆ. ಹಿಂದೆ ಹದ್ಮೂರು ಜನ ಹೂಳಿನ ಮಂಕರಿ ಹಿಡ್ಕಂಡು ನಿಂತಿದ್ರು. ಯೋಳಿದೆ: ‘ಸ್ವಾಮಿ, ಇಲ್ಲಿ ಮೋಟ್ರು ಇಳಿಯಲ್ಲ. ಮೊದ್ಲು ಕುಡಿಯಕ್ಕೆ, ಆಮೇಲೆ ದನಕ್ಕೆ, ಆಮೇಲೆ ಬೋರ್ ಇಲ್ದೋರ ಹೊಲಕ್ಕೆ. ನಿಮ್ಮದು ಕೊನೆಗೆ. ಮಡೆ ತಿರುಗ್ಸೋಳು ನಾನು, ನಿಮ್ಮಪ್ಪನ ಕಾಲದಿಂದ ಆ ಕೆಲಸ ನಮಗೇ ಕೊಟ್ಟಿರೋದು ನೀವೇ.’”

“ಅವನು ಏನು ಮಾಡಿದ?” ಮುಂಬುವಾ ತಡೆಯಲಾರದೆ ಕೇಳಿದಳು.

“ಬೈದ. ಕೂಲಿಗೆ ಕರೆಯಲ್ಲ ಅಂದ. ನಾಲ್ಕು ದಿನ ಕರೀಲಿಲ್ಲ. ಐದನೇ ದಿನ ಅವನ ಹೆಂಡ್ತಿ ತಾನೇ ಬಿಂದಿಗೆ ಎತ್ಕಂಡು ಬಂದ್ಲು. ಸಾಲಿನಾಗೆ ನಿಂತ್ಲು. ‘ಓಬಳಮ್ಮ, ನನ್ನ ಪಾಳಿ ಯಾವಾಗ?’ ಅಂದ್ಲು. ‘ಬರ್ತದೆ ತಾಯಿ, ನಿಂತ್ಕಳಿ’ ಅಂದೆ. ಪಾಳಿ ಬಂದಾಗ ಅವಳ ಬಿಂದಿಗೆ ನಾನೇ ಇಸ್ಕಂಡು, ಈ ಕೈಯಾಗೆ ಮುಳುಗ್ಸಿ, ತುಂಬ್ಸಿ, ಅವಳ ಸೊಂಟಕ್ಕೆ ಇಟ್ಟೆ. ಅವಳು ಬ್ಯಾಡ ಅನ್ನಲಿಲ್ಲ. ಅವತ್ತಿಂದ ಯಾರೂ ಅನ್ನಲಿಲ್ಲ.”

ಕೊನೆಯ ವಾಕ್ಯ ಇಂಗ್ಲಿಷಿಗೆ ತರುವಾಗ ತಡವರಿಸಿದೆ. ಎರಡು ಸಲ ಹೇಳಬೇಕಾಯಿತು.

ಅಲ್ಲಿಂದ ಹೆಂಗಸರ ನಡುವೆ ಜೋರು ಮಾತು ಶುರುವಾಯಿತು. ಒಬ್ಬಳು ಎದ್ದು ನಿಂತು ಕೈ ಬೀಸಿದಳು, ಇನ್ನೊಬ್ಬಳು ಅವಳ ಸೆರಗಿನಂಥ ಬಟ್ಟೆ ಎಳೆದು ಕೂರಿಸಿದಳು. ನಮಗೆ ಒಂದು ಮಾತೂ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಮುಂಬುವಾ ನಮ್ಮ ಕಡೆ ತಿರುಗಿದಳು. ಅವಳ ಮುಖ ಪೆಚ್ಚಾಗಿತ್ತು.

“ಮುಂದೆ ನಿಂತಿದ್ದ ಕತ್ತೆಗಳಲ್ಲಿ ಎರಡು ನನ್ನವು” ಎಂದಳು. “ನಾನು ಸಂಘದ ಮುಖ್ಯಸ್ಥೆ ಅಂತ ಹೆದರಿ ಯಾರೂ ಈ ಮಾತನ್ನು ಯಾವತ್ತೂ ನನಗೆ ಹೇಳಿರಲಿಲ್ಲ. ಇವತ್ತು ಹೇಳಿದರು.”

ನಾನು ಕನ್ನಡದಲ್ಲಿ ಹೇಳಿದೆ. ಓಬಳಮ್ಮ ಮುಂಬುವಾಳ ಕೈ ಹಿಡಿದುಕೊಂಡರು. ಮುಂಬುವಾ ಎದ್ದು ಗುಂಡಿಯ ಬಳಿಗೆ ಹೋದಳು. ತನ್ನ ಎರಡು ಕತ್ತೆಗಳ ಹಗ್ಗ ಹಿಡಿದು ಹಿಂದಕ್ಕೆ ನಡೆಸಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು. ಒಂದು ಕತ್ತೆ ಬರಲೊಲ್ಲದೆ ಹಟ ಮಾಡಿದಾಗ ಮೂವರು ಹಿಂದಿನಿಂದ ನೂಕಿದರು. ಮಿಕ್ಕ ಕತ್ತೆಯವರು ಮುಖ ಗಂಟಿಕ್ಕಿಕೊಂಡೇ ಅವಳ ಹಿಂದೆ ಬಂದರು, ಒಬ್ಬಳು ಬರಲೇ ಇಲ್ಲ. ಬೆನ್ನ ಮೇಲೆ ಹೊರುವವರು ಮುಂದೆ ಹೋದರು. ಸುಸು ಗುಂಡಿಗಿಳಿದಾಗ ನೀರು ಇನ್ನೂ ತಿಳಿಯಾಗಿತ್ತು.

ಮತ್ತೆ ನೈರೋಬಿ

ಸಭೆಯ ಕೊನೆಯ ದಿನ ನಾನು ಕೈ ಎತ್ತಿ ಎರಡು ನಿಮಿಷ ಕೇಳಿಕೊಂಡೆ. “ಮೊದಲ ದಿನ ನಾನು ಓಬಳಮ್ಮನವರ ಒಂದು ಮಾತನ್ನು ತಪ್ಪಾಗಿ ಹೇಳಿದೆ. ಭಾಷೆ ಬಾರದೆ ಅಲ್ಲ, ಧೈರ್ಯ ಸಾಲದೆ” ಎಂದೆ. ಅವರು ಹೇಳಿದ್ದನ್ನೂ, ಅದರ ಮುಂದಿನ ಕಥೆಯನ್ನೂ ಹೇಳಿದೆ. ನನ್ನ ಊರಿನ ಬಗ್ಗೆ ಕೆಟ್ಟದ್ದು ಹೇಳುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಇಂಥ ಹೆಂಗಸು ಇರುವ ಊರು ನನ್ನದು ಎಂದೇ ಹೇಳುತ್ತಿದ್ದೆ.

ಹೊರಗೆ ಬಂದಾಗ ಬೇರೆ ಬೇರೆ ದೇಶದ ಹೆಂಗಸರು ಸುತ್ತುವರಿದರು. ನಮ್ಮಲ್ಲೂ ಬಾವಿ ಇದೆ, ನಮ್ಮಲ್ಲೂ ಸಾಲು ಇದೆ ಎಂದು ಒಬ್ಬೊಬ್ಬರೂ ತಮ್ಮ ಊರು ಬಿಚ್ಚಿದರು. ಓಬಳಮ್ಮ ಒಬ್ಬೊಬ್ಬರಿಗೂ ಕನ್ನಡದಲ್ಲೇ ಉತ್ತರ ಕೊಟ್ಟರು.

ಕಲ್ಲುಪಾಳ್ಯ

ಊರಿಗೆ ಬಂದ ವಾರದಲ್ಲಿ ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರು ಒಂದು ಸಭೆ ಇಟ್ಟರು. ವಿದೇಶದ ಅನುಭವ ಹೇಳಬೇಕಾದವಳು ನಾನು. ಓಬಳಮ್ಮನನ್ನು ವೇದಿಕೆಗೆ ಕರೆದು, ಹೇಳುವವರು ಇವರು ಎಂದೆ. ಮೇಲಿನ ಬೀದಿಯವರೂ, ಕೇರಿಯವರೂ ಅಂಗಳದಲ್ಲಿ ತುಂಬಿದ್ದರು.

ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲೇ ಎದ್ದು ಕೇಳಿದಳು. “ಓಬಳಜ್ಜಿ, ಅಲ್ಲಿ ಸಿಂಹ ನೋಡಿದ್ಯಾ?”

ಅಂಗಳವೆಲ್ಲ ನಕ್ಕಿತು. ಓಬಳಮ್ಮ ನಗು ನಿಲ್ಲುವವರೆಗೂ ಕಾದರು.

“ಸಿಂಹ ನೋಡ್ಲಿಲ್ಲ ಕಣವ್ವ” ಎಂದರು. “ತನ್ನ ಕತ್ತೆ ತಾನೇ ಹಿಂದಕ್ಕೆ ಎಳ್ಕಂಡು ಹೋದ ಒಬ್ಬ ಹೆಣ್ಮಗಳನ್ನ ನೋಡಿದೆ. ಅವಳ ಹೆಸರು ಮುಂಬುವಾ. ಯೋಳ್ತೀನಿ ಕೂತ್ಕ.”

ನಾನು ಹೋಗಿ ಮಕ್ಕಳ ಹಿಂದೆ, ನೆಲದ ಮೇಲೆ ಕೂತೆ.